ತಪ್ಪಿನ ಪುಸ್ತಕ: ಹರಿಕೇನಿನ ಹಾದಿಯನ್ನು ಮನೆಯಲ್ಲಿ ಕೂತು ಅಂದಾಜು ಮಾಡುವುದು

(ಹ್ಯೂಸ್ಟನ್ ಸುತ್ತಲಿನ ಕನ್ನಡಿಗರ ಕೂಟವೊಂದರಲ್ಲಿ, ಹರಿಕೇನ್ ಋತು ಆರಂಭವಾಗುವ ಮುನ್ನ ಮಾಡಿದ ಉಪನ್ಯಾಸದ ಬರಹ ರೂಪ)

ನನ್ನ ಕೈಯಲ್ಲಿರುವ ಎರಡು ವಸ್ತುಗಳನ್ನು ಮೊದಲು ನಿಮಗೆ ತೋರಿಸಿಬಿಡುತ್ತೇನೆ. ಒಂದು, ದಿನಸಿ ಅಂಗಡಿಯವರು ಪುಕ್ಕಟೆಯಾಗಿ ಹಂಚಿದ ಕಾಗದದ ನಕ್ಷೆ. ಮೆಕ್ಸಿಕೊ ಕೊಲ್ಲಿ, ಕೆರಿಬಿಯನ್ ಸಮುದ್ರ, ಅಟ್ಲಾಂಟಿಕ್ ಸಾಗರದ ಪಶ್ಚಿಮ ಭಾಗ, ಅವುಗಳ ಮೇಲೆ ಅಕ್ಷಾಂಶ ರೇಖಾಂಶಗಳ ಚೌಕಳಿ, ಅಂಚಿನಲ್ಲಿ ಬ್ಯಾಟರಿಗಳ ಜಾಹೀರಾತು. ಇಂಟರ್ನೆಟ್ ಬರುವ ಮುನ್ನ ಈ ಕರಾವಳಿಯ ಎಷ್ಟೋ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಿಗೆ ಇಂಥ ನಕ್ಷೆ ಅಂಟಿಕೊಂಡಿರುತ್ತಿತ್ತು. ರೇಡಿಯೊದಲ್ಲಿ ಹರಿಕೇನಿನ, ಅಂದರೆ ಈ ಕಡೆಯ ಪ್ರಬಲ ಚಂಡಮಾರುತದ, ಕೇಂದ್ರ ಎಲ್ಲಿದೆಯೆಂದು ಹೇಳಿದಾಗಲೆಲ್ಲ ಮನೆಯವರು ಪೆನ್ಸಿಲಿನಿಂದ ಒಂದು ಚುಕ್ಕಿ ಇಡುತ್ತಿದ್ದರು. ಇನ್ನೊಂದು, ನನ್ನ ಮಗಳು ಹೈಸ್ಕೂಲಿನಲ್ಲಿ ಹತ್ತು ಪುಟ ಬರೆದು ಬಿಟ್ಟುಹೋದ ಆಲ್ಜೀಬ್ರ ನೋಟ್‌ಬುಕ್. ಹನ್ನೊಂದನೆಯ ಪುಟದಿಂದ ಮುಂದಕ್ಕೆ ನನ್ನ ಬರವಣಿಗೆ ಇದೆ. ಪ್ರತಿ ಚಂಡಮಾರುತಕ್ಕೂ ಒಂದೊಂದು ಪುಟ: ಅದು ಎಲ್ಲಿಗೆ ಹೋಗುತ್ತದೆಂದು ನಾನು ಬರೆದೆ, ಕೊನೆಗೆ ಅದು ಎಲ್ಲಿಗೆ ಹೋಯಿತು, ನಡುವಿನ ಅಂತರ ಎಷ್ಟು ಕಿಲೋಮೀಟರ್. ನನ್ನ ಹೆಂಡತಿ ಇದಕ್ಕೆ ತಪ್ಪಿನ ಪುಸ್ತಕ ಎಂದು ಹೆಸರಿಟ್ಟಿದ್ದಾಳೆ. ಆ ಹೆಸರು ಸರಿಯಾಗಿಯೇ ಇದೆ. ಹವ್ಯಾಸಿಯೊಬ್ಬ ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರದವರಿಗಿಂತ ಚೆನ್ನಾಗಿ ಮುನ್ಸೂಚನೆ ಕೊಡಬಲ್ಲನೇ ಎಂದು ನೀವು ಕೇಳಿದರೆ ನನ್ನ ಉತ್ತರ ಇಲ್ಲ ಎಂದೇ. ಅದಕ್ಕೆ ಸಾಕ್ಷಿ ಈ ಪುಸ್ತಕದಲ್ಲಿದೆ. ಆದರೆ ಅವರು ಹೇಳುವ ಮಾತು ಎಷ್ಟು ಖಚಿತ, ಎಷ್ಟು ಸಡಿಲ ಎಂಬುದು ನನಗೆ ಅರ್ಥವಾಗತೊಡಗಿದ್ದು, ನಾನೇ ಬರೆದು, ತಪ್ಪಿ, ಆ ತಪ್ಪನ್ನು ಅಳೆಯತೊಡಗಿದ ಮೇಲೆ.

ಹವ್ಯಾಸಿ ಎಂಬ ಪದದ ಬಗ್ಗೆ ಸಂಕೋಚ ಬೇಡ. ಹರಿಕೇನ್ ಎಂದರೆ ತಿರುಗುವ ಗಾಳಿ ಎಂಬ ಅರಿವಿಗೇ ಹವ್ಯಾಸಿಗಳು ಅಡಿಪಾಯ ಹಾಕಿದರು. 1821ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಈಶಾನ್ಯ ಕರಾವಳಿಯ ಮೇಲೆ ದೊಡ್ಡದೊಂದು ಬಿರುಗಾಳಿ ಹಾದುಹೋಯಿತು. ಕನೆಕ್ಟಿಕಟ್‌ನ ವಿಲಿಯಂ ರೆಡ್‌ಫೀಲ್ಡ್ ಕುದುರೆಯ ಜೀನು ಹೊಲಿಯುವ ಕಸುಬಿನವನು. ಬಿರುಗಾಳಿ ಕಳೆದ ಮೇಲೆ ಪ್ರಯಾಣ ಹೊರಟವನು ದಾರಿಯುದ್ದಕ್ಕೂ ಉರುಳಿದ್ದ ಮರಗಳನ್ನು ಗಮನಿಸಿದ. ತನ್ನ ಊರಿನ ಕಡೆ ಮರಗಳ ತುದಿ ವಾಯವ್ಯಕ್ಕೆ ಮುಖ ಮಾಡಿ ಬಿದ್ದಿದ್ದವು. ಮ್ಯಾಸಚೂಸೆಟ್ಸ್‌ನ ಪಶ್ಚಿಮದ ಗುಡ್ಡಗಳನ್ನು ತಲುಪಿದಾಗ ಆಗ್ನೇಯಕ್ಕೆ ಮುಖ ಮಾಡಿ ಬಿದ್ದಿದ್ದವು. ಒಂದೇ ಬಿರುಗಾಳಿ ಎರಡು ವಿರುದ್ಧ ದಿಕ್ಕಿಗೆ ಮರ ಕೆಡವಬೇಕಾದರೆ ಅದು ಚಕ್ರದ ಹಾಗೆ ಸುತ್ತುತ್ತಿರಲೇಬೇಕು. ಇದನ್ನು ಅವನು ಬರೆದು ಪ್ರಕಟಿಸಿದ್ದು ಹತ್ತು ವರ್ಷಗಳ ಬಳಿಕ, 1831ರಲ್ಲಿ. ಸೈಕ್ಲೋನ್ ಎಂಬ ಪದ ಹುಟ್ಟಿದ್ದೂ ಇಂಥವನೊಬ್ಬನ ಕೈಯಲ್ಲಿ, ಅದೂ ನಮ್ಮ ಕಲ್ಕತ್ತೆಯಲ್ಲಿ. ಹೆನ್ರಿ ಪಿಡಿಂಗ್ಟನ್ ಹಡಗಿನ ಕ್ಯಾಪ್ಟನ್ ಆಗಿದ್ದವನು. ಬಂಗಾಳ ಕೊಲ್ಲಿಯ ಹಡಗುಗಳ ದಿನಚರಿಗಳನ್ನು ಕಲೆಹಾಕಿ ಬಿರುಗಾಳಿಗಳ ಹಾದಿಯನ್ನು ನಕ್ಷೆಯ ಮೇಲೆ ಗುರುತಿಸುತ್ತಿದ್ದ. ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಪದದಿಂದ ಈ ಹೆಸರನ್ನು ಅವನು ಕಟ್ಟಿದ. ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟಬೇಡಿ, ಒಂದು ದಿನ ಸಮುದ್ರವೇ ಉಕ್ಕಿ ಅದರ ಮೇಲೆ ಬರುತ್ತದೆ ಎಂದು 1853ರಲ್ಲಿ ಅವನು ಗವರ್ನರ್ ಜನರಲ್‌ಗೆ ಬರೆದ. ಬಂದರನ್ನು ಕಟ್ಟಿದರು. 1867ರಲ್ಲಿ ಚಂಡಮಾರುತ ಬಂದು ಪೋರ್ಟ್ ಕ್ಯಾನಿಂಗ್ ಹಾಳಾಯಿತು. ಪತ್ರ ಬರೆದವನು ಆ ಹೊತ್ತಿಗೆ ಬದುಕಿರಲಿಲ್ಲ.

ನಾವು ಕೂತಿರುವ ಈ ಜಾಗದಿಂದ ಒಂದು ಗಂಟೆಯ ದಾರಿಯಲ್ಲಿರುವ ಗ್ಯಾಲ್ವೆಸ್ಟನ್ನಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. 1900ರ ಸೆಪ್ಟೆಂಬರ್ 8ರಂದು ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ 8,000 ಎನ್ನುತ್ತಾರೆ. ಅಮೆರಿಕದ ಇತಿಹಾಸದಲ್ಲಿ ಅಷ್ಟು ಜನರನ್ನು ಕೊಂದ ಪ್ರಕೃತಿ ವಿಕೋಪ ಇನ್ನೊಂದಿಲ್ಲ. ಅದರ ಹಿಂದಿನ ಮುನ್ಸೂಚನೆಯ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಹವಾನಾದ ಬೆಲೆನ್ ಕಾಲೇಜಿನಲ್ಲಿ ಬೆನಿಟೊ ವಿನ್ಯೆಸ್ ಎಂಬ ಜೆಸ್ಯೂಟ್ ಪಾದ್ರಿ ಇದ್ದರು. ಬಹಳ ಎತ್ತರದಲ್ಲಿ ಹತ್ತಿಯ ಎಳೆಯ ಹಾಗೆ ಹರಡುವ ಮೋಡಗಳು ಆಕಾಶದ ಯಾವ ಬಿಂದುವಿನಿಂದ ಬಿಚ್ಚಿಕೊಂಡು ಬರುತ್ತಿವೆ ಎಂಬುದನ್ನು ದಿನವೂ ನೋಡಿ ನೋಡಿ, ಕಣ್ಣಿಗೆ ಕಾಣದ ಹರಿಕೇನಿನ ಕೇಂದ್ರ ಯಾವ ದಿಕ್ಕಿನಲ್ಲಿದೆಯೆಂದು ಹೇಳುವುದನ್ನು ಅವರು ಕರಗತ ಮಾಡಿಕೊಂಡಿದ್ದರು. 1875ರಲ್ಲೇ ಹರಿಕೇನಿನ ಎಚ್ಚರಿಕೆ ಪ್ರಕಟಿಸಿದ್ದರು. ಅವರು ತೀರಿಕೊಂಡ ಮೇಲೂ ಆ ಪರಂಪರೆ ಕ್ಯೂಬಾದಲ್ಲಿ ಮುಂದುವರಿಯಿತು. ಆದರೆ 1900ರಲ್ಲಿ ಕ್ಯೂಬಾ ಅಮೆರಿಕದ ಸೇನೆಯ ಆಡಳಿತದಲ್ಲಿತ್ತು. ಅಲ್ಲಿಯವರು ಸುಮ್ಮನೆ ಗಾಬರಿ ಹುಟ್ಟಿಸುತ್ತಾರೆಂದು ಅಮೆರಿಕದ ಹವಾಮಾನ ಇಲಾಖೆ ಅವರ ಹರಿಕೇನ್ ತಂತಿಗಳನ್ನೇ ತಡೆಹಿಡಿಸಿತ್ತು. ಬಿರುಗಾಳಿ ಕ್ಯೂಬಾವನ್ನು ದಾಟಿದಾಗ ವಾಷಿಂಗ್ಟನ್ನಿನವರು ಇದು ಉತ್ತರಕ್ಕೆ ತಿರುಗಿ ಫ್ಲೋರಿಡಾದ ಕಡೆಯಿಂದ ಅಟ್ಲಾಂಟಿಕ್ಕಿಗೆ ಹೋಗುತ್ತದೆ ಎಂದರು. ಕ್ಯೂಬಾದವರು ಇದು ಕೊಲ್ಲಿಯೊಳಗೆ ಪಶ್ಚಿಮಕ್ಕೆ ಸಾಗುತ್ತದೆ ಎಂದರು. ಗ್ಯಾಲ್ವೆಸ್ಟನ್ನಿನ ಹವಾಮಾನ ಅಧಿಕಾರಿ ಐಸಾಕ್ ಕ್ಲೈನ್ ಒಂಬತ್ತು ವರ್ಷ ಮುಂಚೆ, ಈ ಊರಿಗೆ ಹರಿಕೇನಿನಿಂದ ದೊಡ್ಡ ಹಾನಿಯಾದೀತೆನ್ನುವುದು ಹುಚ್ಚು ಭ್ರಮೆ ಎಂಬ ಅರ್ಥದ ಲೇಖನ ಬರೆದಿದ್ದವರು. ಆ ರಾತ್ರಿಯ ನೀರಿನಲ್ಲಿ ಅವರ ಹೆಂಡತಿಯೂ ಹೋದರು. ಕಚೇರಿಯವರು ತಪ್ಪು, ಹೊರಗಿನವರು ಸರಿ ಎಂದು ವಾದಿಸಲು ಇದನ್ನು ಹೇಳುತ್ತಿಲ್ಲ. ಆ ಕಾಲ ಈಗ ಇಲ್ಲ, ಇವತ್ತು ಹಾಗೆ ನಂಬಿ ಕೂರುವುದು ಅಪಾಯ. ತಾನು ಎಷ್ಟು ಸಲ ತಪ್ಪಿದ್ದೇನೆಂಬ ಲೆಕ್ಕವಿಡದ ಮುನ್ಸೂಚಕ ತನ್ನ ಮಾತಿಗೆ ಎಷ್ಟು ಬೆಲೆ ಕಟ್ಟಿಕೊಳ್ಳುತ್ತಾನೆ ಎಂಬುದು ಮಾತ್ರ ಇಲ್ಲಿ ಕಾಣುತ್ತದೆ.

ಈಗ ಹಾದಿಯ ವಿಷಯಕ್ಕೆ ಬರುತ್ತೇನೆ. ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆಯ ಸುಳಿಯನ್ನು ಸೇತುವೆಯ ಮೇಲೆ ನಿಂತು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಸುಳಿ ತಿರುಗುವುದು ಒಂದು, ಅದು ಮುಂದೆ ಸಾಗುವುದು ಇನ್ನೊಂದು. ಅದನ್ನು ಒಯ್ಯುವುದು ಹೊಳೆ. ಹರಿಕೇನನ್ನು ಒಯ್ಯುವುದು ಅದರ ಸುತ್ತಲಿನ ದೊಡ್ಡ ಗಾಳಿ. ಬೇಸಿಗೆಯಲ್ಲಿ ಅಟ್ಲಾಂಟಿಕ್ಕಿನ ನಡುವೆ, ಬರ್ಮುಡಾದ ಆಸುಪಾಸಿನಲ್ಲಿ, ಅಧಿಕ ಒತ್ತಡದ ದೊಡ್ಡದೊಂದು ಗುಡ್ಡ ಕೂತಿರುತ್ತದೆ. ಅದರ ಸುತ್ತ ಗಾಳಿ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಆಫ್ರಿಕದ ಕಡೆಯಿಂದ ಹೊರಟ ಚಂಡಮಾರುತ ಆ ಗುಡ್ಡದ ದಕ್ಷಿಣದ ಬುಡದಲ್ಲಿ ಪಶ್ಚಿಮಕ್ಕೆ ಸಾಗಿ, ಗುಡ್ಡದ ಪಶ್ಚಿಮದ ಅಂಚು ಸಿಕ್ಕಿದ ಕಡೆ ಉತ್ತರಕ್ಕೆ ತಿರುಗುತ್ತದೆ. ಆ ಅಂಚು ಎಲ್ಲಿದೆ? ಗುಡ್ಡ ಫ್ಲೋರಿಡಾದ ಮೇಲೆ ಚಾಚಿಕೊಂಡಿದ್ದರೆ ಹರಿಕೇನ್ ನಮ್ಮ ಕೊಲ್ಲಿಯೊಳಗೆ ಬರುತ್ತದೆ. ಹಿಂದೆ ಸರಿದಿದ್ದರೆ ಸಾಗರದಲ್ಲೇ ಉತ್ತರಕ್ಕೆ ಹೊರಟುಹೋಗುತ್ತದೆ. ಹಾದಿಯ ಅರ್ಧಕ್ಕಿಂತ ಹೆಚ್ಚಿನ ಲೆಕ್ಕ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ಇನ್ನೊಂದು ಸಂಗತಿ: ತೆಳ್ಳಗೆ ತೇಲುವ ಎಲೆಯನ್ನು ಹೊಳೆಯ ಮೇಲ್ಪದರ ಮಾತ್ರ ಒಯ್ಯುತ್ತದೆ, ಆಳಕ್ಕಿಳಿದ ದಿಮ್ಮಿಯನ್ನು ಇಡೀ ಪ್ರವಾಹ ಒಯ್ಯುತ್ತದೆ. ಹಾಗೆಯೇ ದುರ್ಬಲ ಚಂಡಮಾರುತ ಕೆಳಗಿನ ಗಾಳಿಯ ಮಾತು ಕೇಳುತ್ತದೆ, ಎತ್ತರಕ್ಕೆ ಬೆಳೆದ ಪ್ರಬಲ ಚಂಡಮಾರುತ ಮೇಲಿನ ಗಾಳಿಯ ಮಾತನ್ನೂ ಕೇಳುತ್ತದೆ. ಆದ್ದರಿಂದ ತೀವ್ರತೆ ತಪ್ಪಿದರೆ ಹಾದಿಯೂ ತಪ್ಪುವುದುಂಟು.

ಪೆನ್ಸಿಲಿನ ಲೆಕ್ಕವೊಂದನ್ನು ಇಲ್ಲೇ ಮಾಡಿಬಿಡೋಣ. ಇದು ನಾನೇ ಕಲ್ಪಿಸಿದ ಉದಾಹರಣೆ. ಬೆಳಗಿನ 4 ಗಂಟೆಗೆ ಕೇಂದ್ರ ಉತ್ತರ 23.5, ಪಶ್ಚಿಮ 87.2 ಡಿಗ್ರಿಯಲ್ಲಿತ್ತು, 10 ಗಂಟೆಗೆ ಉತ್ತರ 24.0, ಪಶ್ಚಿಮ 88.0 ಡಿಗ್ರಿಯಲ್ಲಿದೆ. ಅಕ್ಷಾಂಶದ ಒಂದು ಡಿಗ್ರಿ ಎಂದರೆ 111 ಕಿಲೋಮೀಟರ್. ಆದ್ದರಿಂದ ಉತ್ತರಕ್ಕೆ ಸಾಗಿದ್ದು ಸುಮಾರು 55 ಕಿಲೋಮೀಟರ್. ರೇಖಾಂಶದ ಡಿಗ್ರಿ ಉತ್ತರಕ್ಕೆ ಹೋದಂತೆ ಕಿರಿದಾಗುತ್ತದೆ. ಈ ಅಕ್ಷಾಂಶದಲ್ಲಿ ಸುಮಾರು 101 ಕಿಲೋಮೀಟರ್. ಆದ್ದರಿಂದ ಪಶ್ಚಿಮಕ್ಕೆ ಸಾಗಿದ್ದು ಸುಮಾರು 81. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಕೋನದ ಲೆಕ್ಕ ಹಾಕಿದರೆ ಆರು ಗಂಟೆಯಲ್ಲಿ 98 ಕಿಲೋಮೀಟರ್, ಅಂದರೆ ಗಂಟೆಗೆ 16. ಇದೇ ದಿಕ್ಕು ಇದೇ ವೇಗದಲ್ಲಿ ನಾಳೆ ಬೆಳಿಗ್ಗೆ 10ಕ್ಕೆ ಎಲ್ಲಿರುತ್ತದೆಂದು ಗೆರೆ ಎಳೆದರೆ ನಿಮ್ಮ ಮೊದಲ ಮುನ್ಸೂಚನೆ ಸಿದ್ಧ. ಇಲ್ಲಿ ನಾನು ಮೊದಮೊದಲು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಹರಿಕೇನಿನ ಕಣ್ಣು, ಅಂದರೆ ಅದರ ನಡುವಿನ ಶಾಂತ ಜಾಗ, ನೆಟ್ಟಗೆ ನಡೆಯುವುದಿಲ್ಲ. ಬುಗುರಿಯ ತಲೆ ತೂಗುವಂತೆ ಅತ್ತಿತ್ತ ತೂಗುತ್ತಾ ನಡೆಯುತ್ತದೆ. ಮೂರು ಗಂಟೆಯ ತೂಗಾಟವನ್ನು ನೋಡಿ, ಅದು ಉತ್ತರಕ್ಕೆ ತಿರುಗಿತು, ನಮ್ಮ ಕಡೆಗೇ ಬಂತು ಎಂದು ಸ್ನೇಹಿತರಿಗೆಲ್ಲ ಫೋನು ಮಾಡಿದವನು ನಾನು. ಕನಿಷ್ಠ ಹನ್ನೆರಡು ಗಂಟೆಯ ಸರಾಸರಿ ತೆಗೆಯದೆ ತಿರುವು ಎಂಬ ಪದ ಬಳಸಬಾರದು.

ನಮ್ಮ ಅಜ್ಜಂದಿರ ಮಳೆ ಲೆಕ್ಕದ ಜೊತೆ ಇದಕ್ಕೆ ನೆಂಟಸ್ತಿಕೆ ಇದೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುವಾಗ ಅವರು ನೂರಾರು ವರ್ಷಗಳ ವಾಡಿಕೆಯನ್ನು ಹೇಳುತ್ತಿದ್ದರು: ಈ ನಕ್ಷತ್ರದಲ್ಲಿ ಸಾಮಾನ್ಯವಾಗಿ ಹೀಗಾಗುತ್ತದೆ, ಆದ್ದರಿಂದ ಈ ಸಲವೂ ಹೀಗಾದೀತು. ನಾವು ಈಗ ಎಳೆದ ಗೆರೆ ಇನ್ನೊಂದು ಬಗೆಯ ನಂಬಿಕೆ: ಈವರೆಗೆ ಹೇಗೆ ನಡೆಯಿತೋ ಮುಂದೆಯೂ ಹಾಗೇ ನಡೆದೀತು. ಈ ಎರಡನ್ನೂ, ಅಂದರೆ ವಾಡಿಕೆ ಮತ್ತು ಸದ್ಯದ ನಡೆಯನ್ನು, ಸೇರಿಸಿ ಮಾಡಿದ ಕ್ಲೈಪರ್ ಎಂಬ ಸರಳ ಲೆಕ್ಕವೊಂದಿದೆ. ಅದರಲ್ಲಿ ವಾತಾವರಣದ ಜ್ಞಾನವೇ ಇಲ್ಲ. ಹರಿಕೇನ್ ಕೇಂದ್ರದವರು ತಮ್ಮ ಮುನ್ಸೂಚನೆಯ ಜಾಣ್ಮೆಯನ್ನು ಅಳೆಯುವುದು ಇಂಥ ಲೆಕ್ಕದ ಎದುರಿಗಿಟ್ಟು. ಅದಕ್ಕಿಂತ ನಿಮ್ಮ ತಪ್ಪು ಕಡಿಮೆಯಾದರೆ ಮಾತ್ರ ನಿಮಗೆ ಏನೋ ತಿಳಿದಿದೆ ಎಂದರ್ಥ. ನನ್ನ ಪುಸ್ತಕದ ಮೊದಲ ಕೆಲವು ವರ್ಷಗಳ ಪುಟಗಳನ್ನು ಈ ತಕ್ಕಡಿಗೆ ಹಾಕಿದಾಗ, ಅಷ್ಟೊಂದು ಉಪಗ್ರಹ ಚಿತ್ರ ನೋಡಿ, ಅಷ್ಟೊಂದು ನಿದ್ದೆಗೆಟ್ಟು ಬರೆದ ನನ್ನ ಅಂದಾಜು ಬರೀ ಗೆರೆ ಎಳೆದಿದ್ದರೆ ಬರುತ್ತಿದ್ದುದಕ್ಕಿಂತ ಕಡೆಯಾಗಿತ್ತು. ಹೆಚ್ಚು ನೋಡಿದಷ್ಟೂ ಹೆಚ್ಚು ಕೈಯಾಡಿಸುವ ಆಸೆ, ಅದೇ ಕಾರಣ.

ವಾತಾವರಣದ ಲೆಕ್ಕ ಹಾಕಿ ಮುನ್ಸೂಚನೆ ಕೊಡುವ ಕಂಪ್ಯೂಟರ್ ಮಾದರಿಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅವುಗಳ ಚಿತ್ರಗಳು ಈಗ ನಿಮ್ಮೆಲ್ಲರ ಫೋನಿನಲ್ಲೂ ಇವೆ. ಅಮೆರಿಕದ ಜಿಎಫ್‌ಎಸ್, ಯೂರೋಪಿನ ಇಸಿಎಂಡಬ್ಲ್ಯುಎಫ್, ಹರಿಕೇನಿಗಾಗಿಯೇ ಮಾಡಿದ ಹಾಫ್ಸ್, ಇವುಗಳ ಗೆರೆಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಬಿಡಿಸಿದರೆ ಶಾವಿಗೆ ಚೆಲ್ಲಿದ ಹಾಗೆ ಕಾಣುತ್ತದೆ. 2012ರಲ್ಲಿ ಸ್ಯಾಂಡಿ ಹರಿಕೇನ್ ಎಡಕ್ಕೆ ತಿರುಗಿ ನ್ಯೂಜೆರ್ಸಿಗೆ ಬರುತ್ತದೆಂದು ಯೂರೋಪಿನ ಮಾದರಿ ಸುಮಾರು ಒಂದು ವಾರ ಮುಂಚೆಯೇ ತೋರಿಸಿದಾಗ ಅಮೆರಿಕದ ಮಾದರಿ ಅದನ್ನು ಸಾಗರಕ್ಕೆ ಕಳಿಸುತ್ತಿತ್ತು. ಆಮೇಲೆ ಎಷ್ಟೋ ಹವ್ಯಾಸಿಗಳು ಯೂರೋಪಿನ ಗೆರೆಯನ್ನು ವೇದವಾಕ್ಯವೆಂದು ಹಿಡಿದು ಕೈಸುಟ್ಟುಕೊಂಡರು. 2025ರ ಋತುವಿನಲ್ಲಿ ಗೂಗಲ್ ಡೀಪ್‌ಮೈಂಡ್‌ನ ಕೃತಕ ಬುದ್ಧಿಮತ್ತೆಯ ಮಾದರಿ ಹಾದಿಯ ವಿಷಯದಲ್ಲಿ ಹಳೆಯ ಹುಲಿಗಳನ್ನು ಹಿಂದೆ ಹಾಕಿತು. ಯಾವ ಮಾದರಿ ಇರಲಿ, ಒಂದು ಗೆರೆಯನ್ನು ಪ್ರೀತಿಸಬಾರದು. ಗೆರೆಗಳು ಒತ್ತಾಗಿವೆಯೋ ಚದುರಿವೆಯೋ ಎಂಬುದರಲ್ಲೇ ಹೆಚ್ಚು ಸುದ್ದಿ ಇರುತ್ತದೆ. ಮೂರು ದಿನ ಮುಂಚಿನ ಅಧಿಕೃತ ಮುನ್ಸೂಚನೆಯ ಸರಾಸರಿ ತಪ್ಪು 1970ರ ದಶಕದಲ್ಲಿ 550 ಕಿಲೋಮೀಟರ್ ದಾಟುತ್ತಿತ್ತು. ಈಗ ಅದು 185ರ ಆಸುಪಾಸಿನಲ್ಲಿದೆ. ದೊಡ್ಡ ಸಾಧನೆ ಅದು. ಆದರೆ 185 ಕಿಲೋಮೀಟರ್ ಎಂದರೆ ಬೆಂಗಳೂರಿನಿಂದ ಹಾಸನದಷ್ಟು ದೂರ. ಆ ಅಂತರದಲ್ಲಿ ಒಂದೂರು ಉಳಿಯಬಹುದು, ಒಂದೂರು ಮುಳುಗಬಹುದು.

ಟೀವಿಯಲ್ಲಿ ತೋರಿಸುವ ಬಿಳಿಯ ಶಂಕು ಈ ತಪ್ಪಿನ ಚಿತ್ರವೇ. ಕಳೆದ ಐದು ವರ್ಷಗಳ ತಪ್ಪುಗಳನ್ನು ತೆಗೆದುಕೊಂಡು, ಮೂರರಲ್ಲಿ ಎರಡು ಪಾಲು ತಪ್ಪುಗಳು ಒಳಗೆ ಬೀಳುವಂತೆ ವೃತ್ತಗಳನ್ನು ಎಳೆದು, ಅವುಗಳನ್ನು ಸೇರಿಸಿದರೆ ಶಂಕು ಸಿದ್ಧ. ಆದ್ದರಿಂದ ಮೂರರಲ್ಲಿ ಒಂದು ಸಲ ಕೇಂದ್ರ ಶಂಕುವಿನ ಆಚೆ ಹೋಗುವುದು ಲೆಕ್ಕದಲ್ಲೇ ಸೇರಿದೆ. ಇನ್ನೂ ಮುಖ್ಯವಾದ ಮಾತೆಂದರೆ, ಶಂಕುವಿನ ಅಗಲಕ್ಕೂ ಹರಿಕೇನಿನ ಅಗಲಕ್ಕೂ ಯಾವ ಸಂಬಂಧವೂ ಇಲ್ಲ. ಪುಟ್ಟದಿರಲಿ ದೈತ್ಯವಿರಲಿ, ಒಂದು ಋತುವಿನಲ್ಲಿ ಎಲ್ಲಕ್ಕೂ ಅದೇ ಅಳತೆಯ ವೃತ್ತಗಳು. 2022ರಲ್ಲಿ ಇಯಾನ್ ಫ್ಲೋರಿಡಾದ ಕಡೆ ಹೊರಟಾಗ ತಿಪಟೂರಿನಿಂದ ನನ್ನ ಚಿಕ್ಕಮ್ಮ ಫೋನು ಮಾಡಿದರು: “ನಿಮ್ಮೂರಿಗೆ ಬರ್ತಾ ಇದೆಯಂತಲ್ಲೋ, ಟೀವೀಲಿ ದೊಡ್ಡದಾಗಿ ತೋರಿಸ್ತಾ ಇದಾರೆ.” ಇಲ್ಲ ಚಿಕ್ಕಮ್ಮ, ಅದು ಫ್ಲೋರಿಡಾ, ಇಲ್ಲಿಂದ ಎಂಟುನೂರು ಮೈಲಿ ಎಂದೆ. “ಗಾಳಿಗೇನು ಬಸ್ ಚಾರ್ಜಾ” ಎಂದರು. ನಾನು ನಕ್ಕೆ. ಆದರೆ ಅದೇ ಹೊತ್ತಿನಲ್ಲಿ ಫ್ಲೋರಿಡಾದಲ್ಲೇ ಇದ್ದ ಎಷ್ಟೋ ಜನ ಚಿಕ್ಕಮ್ಮನಷ್ಟೂ ಅನುಮಾನಪಡಲಿಲ್ಲ. ಶಂಕುವಿನ ನಡುಗೆರೆ ಹಲವು ದಿನ ಟ್ಯಾಂಪಾದ ಕಡೆಗಿತ್ತು. ಅದರ ದಕ್ಷಿಣದ ಫೋರ್ಟ್ ಮೈಯರ್ಸ್ ಸೀಮೆಯವರಲ್ಲಿ ಹಲವರು ತಮಗಲ್ಲ ಎಂದುಕೊಂಡರು. ಸೆಪ್ಟೆಂಬರ್ 28ರಂದು ಇಯಾನ್ ನಾಲ್ಕನೆಯ ವರ್ಗದ (ಗಾಳಿಯ ವೇಗ ನೋಡಿ ಒಂದರಿಂದ ಐದರವರೆಗೆ ಕೊಡುವ ಸಂಖ್ಯೆ ಇದು) ಹರಿಕೇನಾಗಿ ಕಾಯೊ ಕೋಸ್ಟಾ ದ್ವೀಪಕ್ಕೆ ಅಪ್ಪಳಿಸಿತು. ಸೋಜಿಗವೆಂದರೆ, 2004ರ ಆಗಸ್ಟ್ 13ರಂದು ಚಾರ್ಲಿ ಕೂಡ ಅದೇ ದ್ವೀಪಕ್ಕೆ ಅಪ್ಪಳಿಸಿತ್ತು, ಆಗಲೂ ನಡುಗೆರೆ ಟ್ಯಾಂಪಾದ ಕಡೆಗೇ ಇತ್ತು. ಎರಡು ಸಲವೂ ಕಾರಣ ಜ್ಯಾಮಿತಿ. ಫ್ಲೋರಿಡಾದ ಪಶ್ಚಿಮ ಕರಾವಳಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಉತ್ತರಕ್ಕೆ ಸಾಗುವ ಹರಿಕೇನ್ ಕೊಂಚ ಬಲಕ್ಕೆ ವಾಲಿದರೂ ಸಾಕು, ಅದು ನೆಲ ಮುಟ್ಟುವ ಜಾಗ ನೂರೈವತ್ತು ಕಿಲೋಮೀಟರ್ ಬದಲಾಗುತ್ತದೆ. ಗೋಡೆಗೆ ನೇರವಾಗಿ ಎಸೆದ ಚೆಂಡಿನ ಗುರಿ ತಪ್ಪುವುದಕ್ಕೂ ಗೋಡೆಯ ಉದ್ದಕ್ಕೆ ಎಸೆದ ಚೆಂಡಿನ ಗುರಿ ತಪ್ಪುವುದಕ್ಕೂ ಇರುವ ವ್ಯತ್ಯಾಸ ಇದು. ನಿಮ್ಮ ನಕ್ಷೆಯಲ್ಲಿ ಗೆರೆ ಮತ್ತು ಕರಾವಳಿಯ ನಡುವಿನ ಕೋನವನ್ನು ಮೊದಲು ನೋಡಿ. ಕೋನ ಕಿರಿದಾಗಿದ್ದರೆ ನಿಮ್ಮ ವೃತ್ತವನ್ನು ದೊಡ್ಡದು ಮಾಡಿ.

ಹಾದಿಗಿಂತ ತೀವ್ರತೆಯನ್ನು ಹೇಳುವುದು ಕಷ್ಟ. ಬೇಕಾದ ಸಾಮಗ್ರಿಗಳ ಪಟ್ಟಿಯೇನೋ ಚಿಕ್ಕದು. ಸಮುದ್ರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು, ಆ ಬಿಸಿ ಮೇಲ್ಪದರದಲ್ಲಷ್ಟೇ ಅಲ್ಲ ಆಳದಲ್ಲೂ ಇರಬೇಕು, ಇಲ್ಲವಾದರೆ ಹರಿಕೇನ್ ತಾನೇ ಕಡಲನ್ನು ಕಲಕಿ ತಣ್ಣೀರನ್ನು ಮೇಲೆ ತಂದುಕೊಳ್ಳುತ್ತದೆ. ಸುತ್ತಲಿನ ಗಾಳಿಯಲ್ಲಿ ತೇವ ಇರಬೇಕು. ಸಹಾರಾದಿಂದ ಬರುವ ಒಣ ದೂಳುಗಾಳಿ ಒಳನುಗ್ಗಬಾರದು. ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ವೇಗ ಮತ್ತು ದಿಕ್ಕಿನಲ್ಲಿ ದೊಡ್ಡ ವ್ಯತ್ಯಾಸ ಇರಬಾರದು. ಈ ವ್ಯತ್ಯಾಸಕ್ಕೆ ವಿಂಡ್ ಶಿಯರ್ ಎನ್ನುತ್ತಾರೆ, ಅದು ಹೆಚ್ಚಾದರೆ ಚಂಡಮಾರುತದ ತಲೆಯೊಂದು ಕಡೆ, ಬುಡವೊಂದು ಕಡೆ ಆಗುತ್ತದೆ. ಇಷ್ಟೆಲ್ಲ ಕೂಡಿಬಂದರೂ ಯಾವ ಗಳಿಗೆಯಲ್ಲಿ ಏಳುತ್ತದೆ ಎನ್ನುವುದು ಒಲೆಯ ಮೇಲಿಟ್ಟ ಹಾಲಿನ ಹಾಗೆ. ಹಾಲು ಇದೆ, ಬೆಂಕಿ ಇದೆ, ಉಕ್ಕುತ್ತದೆಂದು ಗೊತ್ತು. ಆದರೂ ಉಕ್ಕುವುದು ನೀವು ತಲೆ ತಿರುಗಿಸಿದಾಗ. 24 ಗಂಟೆಯಲ್ಲಿ ಗಾಳಿಯ ವೇಗ ಗಂಟೆಗೆ 55 ಕಿಲೋಮೀಟರಿನಷ್ಟು ಹೆಚ್ಚಿದರೆ ಅದನ್ನು ಕ್ಷಿಪ್ರ ತೀವ್ರತೆ ಎಂದು ಲೆಕ್ಕ ಹಿಡಿಯುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಕಡೆಯ ಮೆಕ್ಸಿಕೊ ತೀರದ ಬಳಿ ಓಟಿಸ್ ಇದ್ದಾಗ, ಹಿಂದಿನ ದಿನದವರೆಗೂ ಮಾದರಿಗಳು ಹೆಚ್ಚೆಂದರೆ ದುರ್ಬಲ ಹರಿಕೇನ್ ಎನ್ನುತ್ತಿದ್ದವು. 25ರ ನಡುರಾತ್ರಿ ಅದು ಐದನೆಯ ವರ್ಗದ ಹರಿಕೇನಾಗಿ ಅಕಪುಲ್ಕೊ ನಗರದ ಮೇಲೆ ಬಂತು. ಹಿಂದಿನ ದಿನದ ಮಾದರಿಗಳನ್ನು ನಂಬಿ ಕೂತವರ ಪಾಲಿಗೆ ಮುನ್ಸೂಚನೆ ಎಂಬುದೇ ಇರಲಿಲ್ಲ ಎನ್ನಬೇಕು.

ಆದರೂ ಹವ್ಯಾಸಿಗೆ ಇಲ್ಲೊಂದು ಒಳ್ಳೆಯ ಆಟವಿದೆ. 1970ರ ದಶಕದಲ್ಲಿ ವರ್ನನ್ ಡ್ವೊರಾಕ್ ಎಂಬ ಅಮೆರಿಕದ ಹವಾಮಾನ ತಜ್ಞರು ಬರೀ ಉಪಗ್ರಹ ಚಿತ್ರ ನೋಡಿ ಚಂಡಮಾರುತದ ಬಲವನ್ನು ಅಂದಾಜಿಸುವ ಕ್ರಮವೊಂದನ್ನು ಕಟ್ಟಿಕೊಟ್ಟರು. ಒಂದರಿಂದ ಎಂಟರವರೆಗೆ ಅರ್ಧರ್ಧ ಹೆಜ್ಜೆಯ ಟಿ ಸಂಖ್ಯೆ: ಟಿ 4 ಎಂದರೆ ಗಾಳಿ ಗಂಟೆಗೆ ಸುಮಾರು 120 ಕಿಲೋಮೀಟರ್, ಹರಿಕೇನಿನ ಹೊಸ್ತಿಲು, ಟಿ 6 ಎಂದರೆ ಸುಮಾರು 213. ಭಾರತದ ಹವಾಮಾನ ಇಲಾಖೆಯ ಚಂಡಮಾರುತದ ಪ್ರಕಟಣೆಗಳಲ್ಲಿ ಈಗಲೂ ಈ ಸಂಖ್ಯೆ ಕಾಣುತ್ತದೆ. ಮೋಡದ ಪಟ್ಟಿ ಕೇಂದ್ರವನ್ನು ಎಷ್ಟು ಸುತ್ತು ಸುತ್ತಿದೆ ಎಂದು ನೋಡುವುದು ಮೊದಲ ಹಂತ. ಕಣ್ಣು ಮೂಡಿದ್ದರೆ, ಅದರೊಳಗಿನ ಬಿಸಿಗೂ ಸುತ್ತಲಿನ ಮೋಡಗಳ ನೆತ್ತಿಯ ತಣ್ಪಿಗೂ ಇರುವ ಅಂತರ ನೋಡುವುದು ಮುಂದಿನ ಹಂತ. ಅಂತರ ಹೆಚ್ಚಿದಷ್ಟೂ ಬಲ ಹೆಚ್ಚು. ಮಾಮೂಲಿ ಬೆಳವಣಿಗೆ ದಿನಕ್ಕೆ ಒಂದು ಟಿ. ಅಡುಗೆಮನೆಯ ಮೇಜಿನ ಮೇಲೆ ಚಿತ್ರವಿಟ್ಟು ನಿಮ್ಮ ಸಂಖ್ಯೆ ಬರೆದುಕೊಳ್ಳಿ, ಆಮೇಲೆ ವಿಮಾನದ ಅಳತೆಯ ಜೊತೆ ಹೋಲಿಸಿ. ಮಿಸಿಸಿಪಿಯ ಬಿಲೊಕ್ಸಿಯಿಂದ ವಾಯುಪಡೆಯ ವಿಮಾನಗಳು ಹರಿಕೇನಿನೊಳಗೇ ಹೋಗಿ, ಪ್ಯಾರಾಚೂಟ್ ಕಟ್ಟಿದ ಉಪಕರಣಗಳನ್ನು ಬೀಳಿಸಿ ಒತ್ತಡ ಮತ್ತು ಗಾಳಿಯನ್ನು ಅಳೆಯುತ್ತವೆ. ಆ ಸಂಖ್ಯೆಗಳು ಆಗಿಂದಾಗಲೇ ಎಲ್ಲರಿಗೂ ಸಿಗುತ್ತವೆ. ಅಂದ ಹಾಗೆ, ಬೇಕೆಂದೇ ಹರಿಕೇನಿನೊಳಗೆ ಮೊದಲು ವಿಮಾನ ನುಗ್ಗಿಸಿದ್ದೂ ನಮ್ಮ ಈ ಗ್ಯಾಲ್ವೆಸ್ಟನ್ ಕಡೆಯೇ. 1943ರ ಜುಲೈ 27ರಂದು ಜೋಸೆಫ್ ಡಕ್‌ವರ್ತ್ ಎಂಬ ಸೇನೆಯ ವಿಮಾನ ತರಬೇತುದಾರರು, ಪಣ ಕಟ್ಟಿದ ಹುರುಪಿನಲ್ಲಿ, ಕಲಿಕೆಯ ವಿಮಾನವೊಂದನ್ನು ಹಾಗೆ ನುಗ್ಗಿಸಿ ಸುಖವಾಗಿ ಹಿಂದಿರುಗಿದರು.

ಹಾದಿ, ತೀವ್ರತೆ ಎರಡೂ ಸರಿಹೋದರೂ ಉತ್ತರ ಸಿಗದ ಪ್ರಶ್ನೆಯೊಂದಿದೆ. 2017ರ ಹಾರ್ವಿ ಆಗಸ್ಟ್ 25ರಂದು ನೆಲ ಮುಟ್ಟಿದ್ದು ರಾಕ್‌ಪೋರ್ಟ್ ಬಳಿ, ಇಲ್ಲಿಂದ ಇನ್ನೂರೈವತ್ತು ಕಿಲೋಮೀಟರ್ ಆಚೆ. ಹ್ಯೂಸ್ಟನ್ನಿನ ಮಟ್ಟಿಗೆ ಗಾಳಿ ಏನೇನೂ ಅಲ್ಲ. ಆದರೆ ಅದನ್ನು ಒಯ್ಯುವ ಹೊಳೆಯೇ ನಿಂತುಹೋಯಿತು. ಸುಳಿ ಇದ್ದಲ್ಲೇ ತಿರುಗುತ್ತ ಮಳೆ ಸುರಿಸಿತು, ನೆದರ್ಲೆಂಡ್ ಎಂಬ ಊರಿನಲ್ಲಿ 1,539 ಮಿಲಿಮೀಟರ್. ನನ್ನ ಪುಸ್ತಕದಲ್ಲಿ ಹಾರ್ವಿಯ ಪುಟ ಬಹಳ ಚೆನ್ನಾಗಿದೆ: ನೆಲ ಮುಟ್ಟುವ ಜಾಗದ ತಪ್ಪು ಅತಿ ಕಡಿಮೆ. ಮಳೆಗೊಂದು ಅಂಕಣವೇ ಇರಲಿಲ್ಲ. ಈಗ ಇದೆ, ಸಾಗುವ ವೇಗಕ್ಕೂ ಇದೆ. 2008ರಲ್ಲಿ ಐಕ್ ಗಾಳಿಯ ಲೆಕ್ಕದಲ್ಲಿ ಎರಡನೆಯ ವರ್ಗದ್ದು ಮಾತ್ರ. ಆದರೆ ಮೈ ಬಹಳ ದೊಡ್ಡದು, ಬೊಲಿವರ್ ದಂಡೆಯ ಮೇಲೆ ಕಡಲು ಹದಿನೈದು ಅಡಿಗೂ ಮೇಲೆ ಏರಿ ಸಾಲು ಮನೆಗಳನ್ನು ಒರೆಸಿಹಾಕಿತು. ವರ್ಗದ ಸಂಖ್ಯೆ ಗಾಳಿಯದು, ನೀರಿನದಲ್ಲ.

ಇನ್ನು ನಿಮ್ಮ ಅಂದಾಜನ್ನು ಯಾರಿಗೆ ಹೇಳಬೇಕು ಎಂಬ ವಿಷಯ. ನನ್ನ ಅಭಿಪ್ರಾಯದಲ್ಲಿ, ಪುಸ್ತಕಕ್ಕೆ. 2005ರ ಸೆಪ್ಟೆಂಬರ್‌ನಲ್ಲಿ, ಕತ್ರಿನಾ ಕಳೆದು ಇನ್ನೂ ಒಂದು ತಿಂಗಳಾಗಿರಲಿಲ್ಲ, ಕೊಲ್ಲಿಯಲ್ಲಿ ರೀಟಾ ಐದನೆಯ ವರ್ಗಕ್ಕೇರಿ ನಮ್ಮ ಕಡೆ ಮುಖ ಮಾಡಿತು. ಹೋಗಲೇಬೇಕಾದ ತಗ್ಗಿನ ಪ್ರದೇಶದವರ ಜೊತೆಗೆ, ಹೋಗುವ ಅಗತ್ಯವಿಲ್ಲದ ನಾವೂ ಹೊರಟೆವು. ಆ ಹಿಂದಿನ ಸಂಜೆ ನಮ್ಮ ಬೀದಿಯ ನಾಲ್ಕು ಮನೆಯವರಿಗೆ, ಇದು ನೇರ ಇಲ್ಲಿಗೇ ಬರುತ್ತದೆ ಎಂದು ನಕ್ಷೆ ಬಿಡಿಸಿ ವಿವರಿಸಿದ ಪಂಡಿತ ನಾನೇ. ಆಸ್ಟಿನ್ ತಲುಪಲು ಮೂರು ಗಂಟೆಯ ದಾರಿಗೆ ಹದಿನೇಳು ಗಂಟೆ ಹಿಡಿಯಿತು. ಎಸಿ ಹಾಕಿದರೆ ಪೆಟ್ರೋಲು ಮುಗಿಯುತ್ತದೆ, ಹಾಕದಿದ್ದರೆ ಹಿಂದಿನ ಸೀಟಿನಲ್ಲಿ ಮಗು ಬೇಯುತ್ತದೆ. ಪಕ್ಕದ ಕಾರಿನ ಮುದುಕಿ ಒದ್ದೆ ಟವಲನ್ನು ತಲೆಗೆ ಸುತ್ತಿಕೊಂಡು ಕಣ್ಣು ಮುಚ್ಚಿ ಕೂತದ್ದು ಇನ್ನೂ ಕಣ್ಣ ಮುಂದಿದೆ. ಆ ಗುಳೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 23 ಮಂದಿ, ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಒಂದೇ ಬಸ್ಸಿನ ಬೆಂಕಿಯಲ್ಲಿ. ರೀಟಾ ಪೂರ್ವಕ್ಕೆ ಸರಿದು ಟೆಕ್ಸಾಸ್ ಮತ್ತು ಲೂಯಿಸಿಯಾನಾ ಗಡಿಯಲ್ಲಿ ನೆಲ ಮುಟ್ಟಿತು. ನಮ್ಮ ಮನೆಯ ಮುಂದಿನ ತುಳಸಿ ಗಿಡ ಕೂಡ ಬಾಗಿರಲಿಲ್ಲ. ಬೀದಿಯವರು ನನ್ನನ್ನು ಬೈಯಲಿಲ್ಲ; ನೋಟ್‌ಬುಕ್ ಶುರುವಾದದ್ದು ಆ ವಾರ. 2019ರಲ್ಲಿ ಡೋರಿಯನ್ ಬಂದಾಗ ಶ್ವೇತಭವನದಲ್ಲಿ ತೋರಿಸಿದ ಅಧಿಕೃತ ನಕ್ಷೆಯ ಶಂಕುವಿಗೆ ಕಪ್ಪು ಮಾರ್ಕರಿನಿಂದ ಇನ್ನೊಂದು ಗೆರೆ ಎಳೆದು ಅಲಬಾಮಾವನ್ನು ಸೇರಿಸಲಾಗಿತ್ತು. ಅಲಬಾಮಾಕ್ಕೆ ಏನೂ ಆಗದೆಂದು ಬರ್ಮಿಂಗ್‌ಹ್ಯಾಮ್‌ನ ಹವಾಮಾನ ಕಚೇರಿ ಮೂರು ದಿನ ಮುಂಚೆಯೇ ಹೇಳಿಯಾಗಿತ್ತು. ಹುಸಿ ಮುನ್ಸೂಚನೆಯನ್ನು ಸರ್ಕಾರದ್ದೆಂದು ಪ್ರಕಟಿಸುವುದು ಈ ದೇಶದ ಕಾನೂನಿನಲ್ಲಿ ಅಪರಾಧ. ಮನೆ ಬಿಡಬೇಕೋ ಬೇಡವೋ ಎಂಬುದನ್ನು ಕೌಂಟಿಯವರ ಆದೇಶ ನೋಡಿ ನಿರ್ಧರಿಸಿ, ನನ್ನ ಪೆನ್ಸಿಲ್ ನೋಡಿ ಅಲ್ಲ.

ಬರೆಯುವ ಕ್ರಮ ಹೀಗೆ. ನಮ್ಮ ಬೇಸಿಗೆಯ ಗಡಿಯಾರದಲ್ಲಿ ಮಯಾಮಿಯ ಪ್ರಕಟಣೆ ಬರುವುದು 4 ಮತ್ತು 10 ಗಂಟೆಗೆ, ಹಗಲೂ ರಾತ್ರಿಯೂ. ಬೆಳಗಿನ ಹತ್ತರ ಪ್ರಕಟಣೆ ತೆರೆಯುವ ಮುನ್ನ, 24, 48 ಮತ್ತು 72 ಗಂಟೆಗಳ ನಂತರ ಕೇಂದ್ರ ಎಲ್ಲಿರುತ್ತದೆ, ಗಾಳಿ ಎಷ್ಟಿರುತ್ತದೆ ಎಂದು ಬರೆಯಿರಿ. ಪ್ರತಿಯೊಂದರ ಸುತ್ತ, ಮೂರರಲ್ಲಿ ಎರಡು ಸಲ ಸರಿಹೋಗುವಷ್ಟು ದೊಡ್ಡ ವೃತ್ತ ಎಳೆಯಿರಿ. ಆಮೇಲೆ ತೆರೆದು ನೋಡಿ, ಆದರೆ ಅಳಿಸಬೇಡಿ. ಋತು ಮುಗಿದ ಮೇಲೆ ನಿಮ್ಮ ವೃತ್ತಗಳಲ್ಲಿ ನಿಜವಾಗಿ ಎಷ್ಟು ಗೆದ್ದವು ಎಂದು ಎಣಿಸಿ. ನನ್ನವು ಮೊದಮೊದಲು ಎಲ್ಲ ಚಿಕ್ಕವು.

ಕೊನೆಗೆ ಒಂದು ಪುಟ ಓದುತ್ತೇನೆ: 2024ರ ಜುಲೈ 5, ಬೆರಿಲ್. ಅಟ್ಲಾಂಟಿಕ್ಕಿನ ದಾಖಲೆಯಲ್ಲೇ ಅತಿ ಬೇಗ ಐದನೆಯ ವರ್ಗ ತಲುಪಿದ ಹರಿಕೇನ್ ಅದು. ಆ ದಿನ ಯುಕಟಾನ್ ಪರ್ಯಾಯದ್ವೀಪವನ್ನು ದಾಟಿ ದುರ್ಬಲವಾಗುತ್ತಿತ್ತು. ನಾನು ಬರೆದದ್ದು: ಮೂರು ದಿನಕ್ಕೆ ಬ್ರೌನ್ಸ್‌ವಿಲ್ ಹತ್ತಿರ, ಮೆಕ್ಸಿಕೊ ಗಡಿ. ಅಧಿಕೃತ ಗೆರೆಯೂ ಆಗ ದಕ್ಷಿಣದ ಕಡೆಗೇ ಇತ್ತು. ನಂತರದ ಪ್ರತಿ ಪ್ರಕಟಣೆಯಲ್ಲೂ ಅದು ಕೊಂಚ ಕೊಂಚ ಮೇಲಕ್ಕೆ ಸರಿಯಿತು, ಯಾಕೆಂದರೆ ಅದರ ಉತ್ತರಕ್ಕೆ ಕೂತಿದ್ದ ಒತ್ತಡದ ಗುಡ್ಡದಲ್ಲಿ ಬಿರುಕು ಬಿಟ್ಟಿತ್ತು. 8ರ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಅದು ಮಟಗೋರ್ಡಾದಲ್ಲಿ ನೆಲ ಮುಟ್ಟಿತು. ಪರ್ಲ್ಯಾಂಡಿನ ನಮ್ಮ ಮನೆಯಲ್ಲಿ ಐದರ ಹೊತ್ತಿಗೆ ಕರೆಂಟು ಹೋಯಿತು, ಸ್ವಲ್ಪ ಹೊತ್ತಿಗೆ ಫೋನಿನ ಸಿಗ್ನಲ್ಲೂ ಹೋಯಿತು. ಗ್ಯಾರೇಜಿನ ಪಕ್ಕದ ಬಾಗಿಲನ್ನು ಒಂದು ಗೇಣು ತೆರೆದು ನಿಂತೆ. ಡಚ್ ವಿಜ್ಞಾನಿ ಬೈಸ್ ಬ್ಯಾಲೊಟ್ 1857ರಲ್ಲಿ ಹೇಳಿದ ಸೂತ್ರವೊಂದಿದೆ: ಭೂಮಿಯ ಉತ್ತರಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ನಿಮ್ಮ ಎಡಗೈಯ ಕಡೆ. ಆಗ ಗಾಳಿ ಪೂರ್ವದಿಂದ ಬೀಸುತ್ತಿತ್ತು. ಬೆನ್ನು ಕೊಟ್ಟರೆ ಮುಖ ಪಶ್ಚಿಮಕ್ಕೆ, ಎಡಗೈ ದಕ್ಷಿಣಕ್ಕೆ. ಬೆರಿಲ್ ಇನ್ನೂ ದಕ್ಷಿಣದಲ್ಲಿದೆ. ಆರೂವರೆಗೆ ಪಕ್ಕದ ಮನೆಯ ಬೇಲಿ ಉರುಳಿದಾಗ ಗಾಳಿ ಆಗ್ನೇಯದಿಂದ ಬೀಸತೊಡಗಿತ್ತು. ಎಂಟರ ಹೊತ್ತಿಗೆ ಮಳೆಯ ಹೊಡೆತ ದಕ್ಷಿಣದ ಗೋಡೆಗೆ ನೇರವಾಗಿ ಬೀಳುತ್ತಿತ್ತು. ಎಡಗೈ ಈಗ ಪಶ್ಚಿಮವನ್ನು ತೋರಿಸುತ್ತಿತ್ತು. ಅಂದರೆ ಕೇಂದ್ರ ನಮ್ಮ ಪಶ್ಚಿಮಕ್ಕೆ ಹಾದುಹೋಗುತ್ತಿದೆ, ನಾವು ಅದರ ಬಲಗಡೆ, ಗಾಳಿ ಹೆಚ್ಚಿರುವ ಕಡೆ ಇದ್ದೇವೆ. ಟಾರ್ಚಿನ ಬೆಳಕಿನಲ್ಲಿ ನಕ್ಷೆ ಹರಡಿ, ಮನೆಯ ಎಡಕ್ಕೆ ಒಂದು ಚುಕ್ಕಿ ಇಟ್ಟೆ. ಜುಲೈ ತಿಂಗಳ ಸೆಕೆಯಲ್ಲಿ ಕರೆಂಟು ಮರಳಿ ಬಂದದ್ದು ಐದನೆಯ ದಿನ. ಆ ಸಂಜೆ ಅಧಿಕೃತ ಹಾದಿಯನ್ನು ತೆಗೆದು ನೋಡಿದಾಗ ಟಾರ್ಚಿನ ಚುಕ್ಕಿ ಹೆಚ್ಚುಕಡಿಮೆ ಅದರ ಮೇಲೆಯೇ ಇತ್ತು. ಮೂರು ದಿನ ಮುಂಚಿನ ಚುಕ್ಕಿಯಿಂದ ಮಟಗೋರ್ಡಾದವರೆಗೆ ಸ್ಕೇಲು ಇಟ್ಟು ಅಳೆದು, ಪುಟದ ಕೆಳಗೆ 330 ಎಂದು ಬರೆದೆ.